ಹಾಸನ, ಚಿಕ್ಕಮಗಳೂರಿನ ದಿನದ ಓಡಾಟಕ್ಕೆ ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಕಾರು: ಟಿಯಾಗೊ, ಕಾಮೆಟ್, ಇಸಿ3 ಪೈಕಿ ಯಾವುದು?

ಹಾಸನದಿಂದ ಬೇಲೂರಿನ ಶಾಲೆಗೆ ದಿನಾ ಹೋಗಿಬರುವ ಮೇಷ್ಟ್ರು, ಚಿಕ್ಕಮಗಳೂರಿನಿಂದ ಮೂಡಿಗೆರೆಯ ಬ್ಯಾಂಕಿಗೆ ಹೋಗುವ ಕ್ಯಾಷಿಯರ್, ಚನ್ನರಾಯಪಟ್ಟಣದಿಂದ ಹಾಸನದ ಆಸ್ಪತ್ರೆಗೆ ಡ್ಯೂಟಿಗೆ ಬರುವ ನರ್ಸ್. ಇವರೆಲ್ಲರ ಸಂಬಳದಲ್ಲಿ ಪೆಟ್ರೋಲ್ ದೊಡ್ಡ ಪಾಲು ತಿನ್ನುತ್ತದೆ. ಹೊಸ ಎಲೆಕ್ಟ್ರಿಕ್ ಕಾರಿಗೆ ಕೈ ಎಟುಕುವುದಿಲ್ಲ. ಹಾಗಾಗಿ ಎರಡು ಮೂರು ವರ್ಷ ಓಡಿದ ಸಣ್ಣ ಎಲೆಕ್ಟ್ರಿಕ್ ಕಾರಿನ ಮೇಲೆ ಕಣ್ಣು ಬಿದ್ದಿದೆ. ಬೆಂಗಳೂರಿನಲ್ಲಿ ಇಂಥ ಗಾಡಿಗಳು ಸಾಕಷ್ಟು ಸಿಗುತ್ತವೆ. ಬೆಲೆಯೂ ಚೆನ್ನಾಗಿ ಇಳಿದಿದೆ.

ತಗೊಳ್ಳಬಹುದಾ? ತಗೊಳ್ಳಬಹುದು. ಆದರೆ ಎರಡು ಷರತ್ತು ಇದೆ. ದಿನಕ್ಕೆ ಕನಿಷ್ಠ 40 ಕಿಲೋಮೀಟರ್ ಓಡಾಟ ಇರಬೇಕು. ರಾತ್ರಿ ಗಾಡಿ ನಿಲ್ಲಿಸುವ ಜಾಗದಲ್ಲಿ ನಿಮ್ಮದೇ ಪ್ಲಗ್ ಇರಬೇಕು. ಇವೆರಡರಲ್ಲಿ ಒಂದು ಇಲ್ಲದಿದ್ದರೂ ಪೆಟ್ರೋಲ್ ಕಾರೋ ಎಲೆಕ್ಟ್ರಿಕ್ ಸ್ಕೂಟರೋ ವಾಸಿ. ಇವೆರಡೂ ಇದ್ದರೆ ಮಾತ್ರ ಯಾವ ಮಾಡೆಲ್ ಎಂಬ ಪ್ರಶ್ನೆಗೆ ಬರೋಣ.

ಲೆಕ್ಕ ಎಲ್ಲಿ ಕೂರುತ್ತದೆ

ಹಾಸನದಿಂದ ಬೇಲೂರು ಹೆಚ್ಚು ಕಡಿಮೆ 40 ಕಿಲೋಮೀಟರ್. ಹೋಗಿಬರಲು 80. ತಿಂಗಳಿಗೆ 25 ದಿನ ಎಂದರೆ 2,000 ಕಿಲೋಮೀಟರ್. ಲೀಟರಿಗೆ 16 ಕೊಡುವ ಪೆಟ್ರೋಲ್ ಕಾರಿಗೆ 125 ಲೀಟರ್ ಬೇಕು. ಲೀಟರಿಗೆ 102 ರೂಪಾಯಿ ಹಿಡಿದರೆ 12,750 ರೂಪಾಯಿ.

ಟಿಯಾಗೊದಂಥ ಎಲೆಕ್ಟ್ರಿಕ್ ಕಾರು ಮನೆಯ ಮೀಟರಿನ 1 ಯೂನಿಟ್‌ಗೆ ಸುಮಾರು 7 ಕಿಲೋಮೀಟರ್ ಓಡುತ್ತದೆ. ಚಾರ್ಜ್ ಆಗುವಾಗ ಪೋಲಾಗುವ ಕರೆಂಟನ್ನೂ ಸೇರಿಸಿಯೇ ಈ ಲೆಕ್ಕ ಹೇಳುತ್ತಿದ್ದೇನೆ. 2,000 ಕಿಲೋಮೀಟರಿಗೆ 286 ಯೂನಿಟ್. ಯೂನಿಟ್‌ಗೆ 6 ರೂಪಾಯಿ ಎಂದರೆ 1,700 ರೂಪಾಯಿ ಚಿಲ್ಲರೆ. ತಿಂಗಳಿಗೆ 11,000 ಉಳಿತಾಯ. ಆಯಿಲ್ ಬದಲಿಸುವ, ಕ್ಲಚ್ ಹಾಕಿಸುವ ಖರ್ಚೂ ಇಲ್ಲ.

ಅದೇ ಹಾಸನದ ಎನ್.ಆರ್. ವೃತ್ತದಿಂದ ಡೇರಿ ವೃತ್ತದ ಕಡೆಗೆ, ಮಕ್ಕಳನ್ನು ಶಾಲೆಗೆ ಬಿಟ್ಟು, ತರಕಾರಿ ತಂದು ದಿನಕ್ಕೆ 15 ಕಿಲೋಮೀಟರ್ ಓಡುವವರು? ತಿಂಗಳಿಗೆ ಎರಡು ಸಾವಿರದ ಆಚೀಚೆ ಉಳಿಯುತ್ತದೆ, ಅಷ್ಟೇ. ಅದಕ್ಕಾಗಿ ಲಕ್ಷಗಟ್ಟಲೆ ಸಾಲ ಮಾಡುವುದು ಬೇಡ.

ಇನ್ನೊಂದು ವಿಷಯವನ್ನು ಗಾಡಿ ಮಾರುವವರು ಯಾರೂ ಹೇಳುವುದಿಲ್ಲ. ಅದು ಗೃಹಜ್ಯೋತಿ. ನಿಮ್ಮ ಮನೆಗೆ ಹಿಂದಿನ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಸೇರಿಸಿ ಉಚಿತ ಯೂನಿಟ್ ನಿಗದಿ ಮಾಡಿದ್ದಾರೆ. ಅದನ್ನು ದಾಟಿದರೂ 200 ಯೂನಿಟ್ ಒಳಗಿದ್ದರೆ ಹೆಚ್ಚುವರಿಗೆ ಮಾತ್ರ ದುಡ್ಡು. ತಿಂಗಳ ಬಳಕೆ 200 ದಾಟಿತೋ, ಪೂರ್ತಿ ಬಿಲ್ ನಿಮ್ಮದೇ. ಮನೆಗೆ 80 ಯೂನಿಟ್ ಖರ್ಚಾಗುತ್ತಿದ್ದರೆ, ಬೇಲೂರಿನ ಓಡಾಟದ 286 ಸೇರಿ 366 ಆಗುತ್ತದೆ. ಅಲ್ಲಿಗೆ ಸೊನ್ನೆ ಬಿಲ್ ಬರುತ್ತಿದ್ದ ಮನೆಗೆ ಎರಡು ಸಾವಿರ ದಾಟಿದ ಬಿಲ್ ಬರುತ್ತದೆ. ಪೆಟ್ರೋಲಿಗೆ ಹೋಲಿಸಿದರೆ ಆಗಲೂ ಲಾಭವೇ. ಆದರೆ ಕೊಳ್ಳುವ ಮುಂಚೆ ಮನೆಯವರಿಗೆಲ್ಲ ಇದು ಗೊತ್ತಿರಲಿ. ಹಾಸನ ಜಿಲ್ಲೆಯವರು ಸೆಸ್ಕ್ ಕಚೇರಿಯಲ್ಲಿ, ಚಿಕ್ಕಮಗಳೂರಿನವರು ಮೆಸ್ಕಾಂ ಕಚೇರಿಯಲ್ಲಿ ಚಾರ್ಜಿಂಗ್‌ಗೆ ಬೇರೆ ಮೀಟರ್ ಸಿಗುತ್ತದಾ ಎಂದು ಕೇಳಿ ನೋಡಿ. ಸಿಕ್ಕರೆ ಮನೆಯ ಲೆಕ್ಕ ಬೇರೆ, ಗಾಡಿಯ ಲೆಕ್ಕ ಬೇರೆ ಆಗುತ್ತದೆ.

ಮನೆಯ ಪ್ಲಗ್

ಗೀಸರ್‌ಗೆ ಹಾಕಿರುವಂಥ 15 ಆಂಪ್ ಪ್ಲಗ್ ಸಾಕು. ಗೋಡೆಗೆ ಕೂರಿಸುವ ದೊಡ್ಡ ಚಾರ್ಜರ್ ನಮ್ಮ ಓಡಾಟಕ್ಕೆ ಬೇಕಾಗಿಲ್ಲ. ಸಂಜೆ ಏಳಕ್ಕೆ ಹಾಕಿದರೆ ಬೆಳಗ್ಗೆ ಐದರ ಹೊತ್ತಿಗೆ ಟಿಯಾಗೊದ ದೊಡ್ಡ ಬ್ಯಾಟರಿಯೂ ತುಂಬಿರುತ್ತದೆ. ಆದರೆ ಗೀಸರ್ ಅರ್ಧ ಗಂಟೆ ಉರಿಯುತ್ತದೆ. ಕಾರು ಎಂಟೊಂಬತ್ತು ಗಂಟೆ ಎಡೆಬಿಡದೆ 3 ಕಿಲೋವ್ಯಾಟ್ ಎಳೆಯುತ್ತದೆ. ಹಳೆಯ ಹೆಂಚಿನ ಮನೆಯ ವೈರಿಂಗ್ ಇದನ್ನು ತಡೆಯುವುದಿಲ್ಲ. ಮೀಟರ್ ಬೋರ್ಡಿನಿಂದ ನೇರವಾಗಿ 4 ಚದರ ಮಿಲಿಮೀಟರ್ ತಾಮ್ರದ ವೈರ್ ಎಳೆಸಿ. ಲೋಡ್ ಮೀರಿದರೆ ತಾನೇ ಕಡಿತಗೊಳ್ಳುವ ಎಂಸಿಬಿ ಸ್ವಿಚ್ ಅದಕ್ಕೇ ಬೇರೆ ಇರಲಿ. ಮನೆಯ ಮಂಜೂರಾದ ಲೋಡ್ 2 ಕಿಲೋವ್ಯಾಟ್ ಇದ್ದರೆ ಏರಿಸಿಕೊಳ್ಳಿ. ತಿಂಗಳ ನಿಗದಿತ ಶುಲ್ಕ ಸ್ವಲ್ಪ ಹೆಚ್ಚುತ್ತದೆ, ಪರವಾಗಿಲ್ಲ.

ಅರ್ಥಿಂಗ್ ವಿಷಯದಲ್ಲಿ ಮಾತ್ರ ರಾಜಿ ಬೇಡ. ಅರ್ಥಿಂಗ್ ಸರಿ ಇಲ್ಲದಿದ್ದರೆ ಕಾರಿನ ಚಾರ್ಜರ್ ಕೆಂಪು ದೀಪ ತೋರಿಸಿ ಸುಮ್ಮನಾಗುತ್ತದೆ. ಎಷ್ಟೋ ಜನ ಆಗ ಗಾಡಿಯೇ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಕೆಲವು ಎಲೆಕ್ಟ್ರಿಷಿಯನ್‌ಗಳು ನ್ಯೂಟ್ರಲ್ ವೈರನ್ನೇ ಅರ್ಥ್ ಪಿನ್ನಿಗೆ ಜೋಡಿಸಿ ಚಾರ್ಜರಿಗೆ ಮೋಸ ಮಾಡುತ್ತಾರೆ. ಅದು ಪ್ರಾಣಕ್ಕೇ ಅಪಾಯ. ಗುಂಡಿ ತೋಡಿಸಿ ಹೊಸ ಅರ್ಥಿಂಗ್ ಮಾಡಿಸಿ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲು ಗೊತ್ತಲ್ವಾ? ಆ ಹೊತ್ತಿನಲ್ಲಿ ಪ್ಲಗ್ ತೆಗೆದಿಡಿ.

ತೋಟದ ಮನೆಯವರು ಇನ್ನೊಂದು ಮಾತು ಯೋಚಿಸಬೇಕು. ಸಕಲೇಶಪುರ, ಮೂಡಿಗೆರೆ, ಆಲ್ದೂರಿನ ಕಡೆ ಜುಲೈ ಮಳೆಗೆ ಮರ ಬಿದ್ದು ಲೈನ್ ಹೋದರೆ ದಿನಗಟ್ಟಲೆ ಕರೆಂಟ್ ಇರುವುದಿಲ್ಲ. ಮನೆಯ ಇನ್ವರ್ಟರ್‌ನಿಂದ ಕಾರು ಚಾರ್ಜ್ ಆಗುವುದಿಲ್ಲ. ಅಂಥ ಮನೆಗೆ ಎಲೆಕ್ಟ್ರಿಕ್ ಕಾರು ಎರಡನೆಯ ಗಾಡಿಯಾಗಿ ಒಪ್ಪುತ್ತದೆ. ರಾತ್ರಿ ಹೊತ್ತು ವಯಸ್ಸಾದವರನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾದ ಮನೆಯಲ್ಲಿ ಅದೊಂದೇ ಗಾಡಿ ಇರುವುದು ಸರಿಯಲ್ಲ.

ಏರು, ಇಳಿಜಾರು, ನಮ್ಮ ಹವೆ

ಹಾಸನವನ್ನು ಬಡವರ ಊಟಿ ಅನ್ನುತ್ತಾರೆ. ಚಿಕ್ಕಮಗಳೂರು ಇನ್ನೂ ತಂಪು. ಲಿಥಿಯಂ ಬ್ಯಾಟರಿಗೆ ದೊಡ್ಡ ಶತ್ರು ಬಿಸಿಲು. ರಾಯಚೂರು, ಕಲಬುರಗಿಯ ಬಿಸಿಲಲ್ಲಿ ನಿಂತ ಬ್ಯಾಟರಿಗಿಂತ ನಮ್ಮೂರಿನ ಬ್ಯಾಟರಿ ನಿಧಾನವಾಗಿ ಸವೆಯುತ್ತದೆ. ಹಾಗಾಗಿ ಒಂದೇ ಬೆಲೆಗೆ ಎರಡು ಗಾಡಿ ಸಿಕ್ಕಿ, ಒಂದು ಬೆಂಗಳೂರು, ಮೈಸೂರು ಕಡೆಯದು, ಇನ್ನೊಂದು ಹೈದರಾಬಾದ್ ಕಡೆಯದು ಆಗಿದ್ದರೆ ನಮ್ಮ ಕಡೆಯದನ್ನೇ ಆರಿಸಿ.

ಏರಿನ ಲೆಕ್ಕ ಸರಳ. ಇಬ್ಬರು ಮೂವರು ಕೂತ ಸಣ್ಣ ಎಲೆಕ್ಟ್ರಿಕ್ ಕಾರಿನ ತೂಕ ಸುಮಾರು 1,400 ಕಿಲೋ. ಅದು 100 ಮೀಟರ್ ಎತ್ತರ ಏರಲು, ಮಾಮೂಲಿ ಓಟದ ಖರ್ಚಿನ ಮೇಲೆ, ಹೆಚ್ಚು ಕಡಿಮೆ ಅರ್ಧ ಯೂನಿಟ್ ಜಾಸ್ತಿ ಬೇಡುತ್ತದೆ. ಹಾಸನ, ಬೇಲೂರು, ಚಿಕ್ಕಮಗಳೂರಿನ ನಡುವೆ ಎತ್ತರದ ವ್ಯತ್ಯಾಸ ಅಷ್ಟೇನೂ ಇಲ್ಲ. ಆ ದಾರಿಯಲ್ಲಿ ಚಿಂತೆ ಬೇಡ. ಶಿರಾಡಿ ಘಾಟಿ ಬೇರೆ ಮಾತು. ಗುಂಡ್ಯದಿಂದ ಸಕಲೇಶಪುರಕ್ಕೆ ಏಳೆಂಟು ನೂರು ಮೀಟರ್ ಏರು. ಬರೀ ಏರಿಗೇ 3 ಯೂನಿಟ್‌ಗಿಂತ ಜಾಸ್ತಿ ಹೋಗುತ್ತದೆ. 17 ಯೂನಿಟ್ ಬ್ಯಾಟರಿಯ ಕಾಮೆಟ್‌ಗೆ ಅದು ಐದನೇ ಒಂದು ಪಾಲು. ಮುಳ್ಳಯ್ಯನಗಿರಿಯ ಶಿಖರ 1,930 ಮೀಟರ್. ಚಿಕ್ಕಮಗಳೂರು ಅದಕ್ಕಿಂತ ಎಂಟು ನೂರು ಮೀಟರಿಗೂ ಕೆಳಗಿದೆ. ನೆಂಟರು ಬಂದರೆಂದು ನಾಲ್ಕು ಜನ ಕೂತು ಗಿರಿಗೆ ಹೊರಟರೆ ಬ್ಯಾಟರಿಯ ಶೇಕಡಾವಾರು ಅಂಕಿ ಸರಸರನೆ ಇಳಿಯುತ್ತದೆ. ಹೆದರಬೇಡಿ. ಇಳಿಯುವಾಗ ಮೋಟಾರೇ ಬ್ರೇಕ್ ಹಿಡಿದು ಅದರಲ್ಲಿ ಒಂದು ಪಾಲನ್ನು ಬ್ಯಾಟರಿಗೆ ಮರಳಿ ತುಂಬುತ್ತದೆ.

ಇಳಿಜಾರಿನಲ್ಲಿ ಒಂದು ಎಚ್ಚರ ಬೇಕು. ಬ್ಯಾಟರಿ ಪೂರ್ತಿ ತುಂಬಿದ್ದಾಗ ಮರಳಿ ಬರುವ ಕರೆಂಟಿಗೆ ಜಾಗ ಇರುವುದಿಲ್ಲ. ಆಗ ಮೋಟಾರಿನ ಹಿಡಿತ ಕಡಿಮೆಯಾಗಿ ಪೂರ್ತಿ ಭಾರ ಬ್ರೇಕ್ ಪ್ಯಾಡಿನ ಮೇಲೆ ಬೀಳುತ್ತದೆ. ಮನೆ ಗುಡ್ಡದ ಮೇಲಿದ್ದು ಬೆಳಗ್ಗೆ ಮೊದಲಿಗೇ ಇಳಿಯಬೇಕಾದವರು ದಿನಾ ಶೇಕಡಾ 90ಕ್ಕೆ ಚಾರ್ಜ್ ನಿಲ್ಲಿಸಿದರೆ ಒಳ್ಳೆಯದು. ವಾರಕ್ಕೊಮ್ಮೆ ಮಾತ್ರ ಪೂರ್ತಿ ತುಂಬಿಸಿ. ಈ ಮೂರೂ ಕಾರುಗಳಲ್ಲಿರುವುದು ಲಿಥಿಯಂ ಬ್ಯಾಟರಿಯ ಒಂದು ಬಗೆಯಾದ ಎಲ್‌ಎಫ್‌ಪಿ ಬ್ಯಾಟರಿ. ಆಗಾಗ ಪೂರ್ತಿ ತುಂಬಿದರೇನೇ ಅದರ ಶೇಕಡಾ ಲೆಕ್ಕ ಸರಿಯಾಗಿ ನಿಲ್ಲುತ್ತದೆ.

ಟಾಟಾ ಟಿಯಾಗೊ ಇವಿ

ನಮ್ಮ ಊರುಗಳ ಬಹುಪಾಲು ಜನಕ್ಕೆ ನನ್ನ ಆಯ್ಕೆ ಇದೇ. 2022ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆಯಾಯಿತು. ಗಾಡಿಗಳು ರಸ್ತೆಗೆ ಬಂದದ್ದು 2023ರಲ್ಲಿ. ಬ್ಯಾಟರಿ ಎರಡು ಬಗೆ: 19.2 ಯೂನಿಟ್ (ಕಿಲೋವ್ಯಾಟ್ ಅವರ್) ಮತ್ತು 24 ಯೂನಿಟ್. ಬಿಡುಗಡೆಯಾದಾಗ ಕಂಪನಿ ಹೇಳಿದ ಓಟ 250 ಮತ್ತು 315 ಕಿಲೋಮೀಟರ್. ನಮ್ಮ ರಸ್ತೆಯಲ್ಲಿ ಚಿಕ್ಕದಕ್ಕೆ 140ರಿಂದ 160, ದೊಡ್ಡದಕ್ಕೆ 180ರಿಂದ 200 ಎಂದಿಟ್ಟುಕೊಳ್ಳಿ.

ಎರಡರಲ್ಲಿ 24 ಯೂನಿಟ್‌ನದೇ ಬೇಕು ಎನ್ನುತ್ತೇನೆ. ದಿನಕ್ಕೆ 80 ಓಡುವವರಿಗೆ 150 ಸಾಲದಾ? ಇವತ್ತಿಗೆ ಸಾಕು. ಆದರೆ ಬ್ಯಾಟರಿ ವರ್ಷಕ್ಕೆ ಸ್ವಲ್ಪ ಸ್ವಲ್ಪ ಸವೆಯುತ್ತದೆ. ಎಸಿ, ವೈಪರ್, ಹೆಡ್‌ಲೈಟ್ ಹಾಕಿ ಮಳೆಯಲ್ಲಿ ಓಡಿಸುವ ದಿನಗಳಿವೆ. ಒಂದು ರಾತ್ರಿ ಕರೆಂಟ್ ಬರದಿದ್ದರೆ ಮರುದಿನವೂ ಅದೇ ಚಾರ್ಜಿನಲ್ಲಿ ಕೆಲಸಕ್ಕೆ ಹೋಗಿಬರುವ ಹಾಗಿರಬೇಕು. ದೊಡ್ಡ ಬ್ಯಾಟರಿಯಲ್ಲಿ 80 ಕಿಲೋಮೀಟರ್ ಎರಡು ದಿನ ನಡೆಯುತ್ತದೆ. ಚಿಕ್ಕದರಲ್ಲಿ ಎರಡನೇ ದಿನ ಸಂಜೆ ಎದೆ ಡವಡವ. ದಿನಕ್ಕೆ 40–50 ಓಡುವವರಾದರೆ, ಚಿಕ್ಕದು ಒಳ್ಳೆಯ ಬೆಲೆಗೆ ಸಿಕ್ಕರೆ ಬಿಡಬೇಡಿ.

ಬ್ಯಾಟರಿಗೆ ನೀರಿನ ಕೂಲಿಂಗ್ ಇದೆ. ಬ್ಯಾಟರಿ ಮತ್ತು ಮೋಟಾರಿಗೆ 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್ ವಾರಂಟಿ. 2023ರ ಗಾಡಿಯಾದರೆ 2031ರವರೆಗೆ. ಇದು ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಇರುವ ದೊಡ್ಡ ಧೈರ್ಯ. ಇದರ ಜೊತೆ ಟಾಟಾ ಸರ್ವಿಸ್ ಜಾಲವೂ ದೊಡ್ಡದು. ಆದರೂ ಒಂದು ಪ್ರಶ್ನೆಯನ್ನು ಸರ್ವಿಸ್ ಸೆಂಟರಿಗೆ ಹೋಗಿಯೇ ಕೇಳಿ: ಹೈ ವೋಲ್ಟೇಜ್ ಕೆಲಸ ಕಲಿತ ಮೆಕ್ಯಾನಿಕ್ ಇಲ್ಲೇ ಇದ್ದಾರಾ, ಇಲ್ಲಾ ಗಾಡಿಯನ್ನು ಮೈಸೂರಿಗೋ ಬೆಂಗಳೂರಿಗೋ ಕಳಿಸುತ್ತೀರಾ? ಬ್ರೇಕ್ ಪ್ಯಾಡ್ ಬದಲಿಸಲು ಯಾರಾದರೂ ಆಗುತ್ತದೆ. ಬ್ಯಾಟರಿ ಕೆಳಗಿಳಿಸುವ ಕೆಲಸ ಹಾಗಲ್ಲ.

ಬೆಂಗಳೂರಿಗೆ ಹೋಗುವ ಮಾತು ಬಂದೇ ಬರುತ್ತದೆ. ಹಾಸನದಿಂದ 185 ಕಿಲೋಮೀಟರ್ ಚಿಲ್ಲರೆ. ಹೆದ್ದಾರಿಯಲ್ಲಿ 80–90ರ ವೇಗದಲ್ಲಿ ಓಡಿಸಿದರೆ ದೊಡ್ಡ ಬ್ಯಾಟರಿಯೂ ಒಂದೇ ಓಟಕ್ಕೆ ಸಾಲದು. ಬೆಳ್ಳೂರು ಕ್ರಾಸ್, ಯಡಿಯೂರು, ಕುಣಿಗಲ್ ಆಸುಪಾಸಿನಲ್ಲಿ ಒಮ್ಮೆ ನಿಲ್ಲಬೇಕು. ಟಿಯಾಗೊ ವೇಗದ ಚಾರ್ಜರ್‌ನಿಂದ ತೆಗೆದುಕೊಳ್ಳುವುದು ಹೆಚ್ಚೆಂದರೆ 25 ಕಿಲೋವ್ಯಾಟ್. ಚಾರ್ಜರ್ ಮೇಲೆ 60 ಎಂದು ಬರೆದಿದ್ದರೂ ಇದಕ್ಕೆ ಅಷ್ಟೇ. ಶೇಕಡಾ 10ರಿಂದ 80ಕ್ಕೆ ಒಂದು ಗಂಟೆ. ಅಲ್ಲಿನ ದರವೂ ಮನೆಗಿಂತ ಎರಡು ಮೂರು ಪಟ್ಟು. ತಿಂಗಳಿಗೊಮ್ಮೆಯಾದರೆ ಊಟದ ಹೊತ್ತಿಗೆ ಹೊಂದಿಸಿಕೊಳ್ಳಬಹುದು. ವಾರ ವಾರ ಬೆಂಗಳೂರಿಗೆ ಹೋಗುವವರಿಗೆ ಈ ಕಾರು ಬೇಡ.

ಕೊರತೆಯೂ ಇದೆ. ಹಿಂದಿನ ಸೀಟಿನಲ್ಲಿ ಮೂವರು ದೊಡ್ಡವರಿಗೆ ಇಕ್ಕಟ್ಟು. ಡಿಕ್ಕಿ 240 ಲೀಟರ್. ಸ್ಟೆಪ್ನಿ ಇಲ್ಲ, ಪಂಕ್ಚರ್ ಕಿಟ್ ಕೊಟ್ಟಿದ್ದಾರೆ. ನೆಲದಿಂದ 166 ಮಿಲಿಮೀಟರ್ ಎತ್ತರ. ತೋಟದ ದಾರಿಯಲ್ಲಿ ನಡುವೆ ಕಲ್ಲು ಎದ್ದಿದ್ದರೆ ಮೈಯೆಲ್ಲಾ ಕಣ್ಣಾಗಿ ಓಡಿಸಬೇಕು.

ಎಂಜಿ ಕಾಮೆಟ್

ಎರಡು ಬಾಗಿಲು, ನಾಲ್ಕು ಸೀಟು, ಉದ್ದ 3 ಮೀಟರ್‌ಗೂ ಕಮ್ಮಿ. ಚಿಕ್ಕಮಗಳೂರಿನ ಐ.ಜಿ. ರಸ್ತೆಯಲ್ಲಿ ಸಂಜೆ ಹೊತ್ತು ಗಾಡಿ ನಿಲ್ಲಿಸಲು ಒದ್ದಾಡಿದವರಿಗೆ ಇದು ತುಂಬಾ ಇಷ್ಟವಾಗುತ್ತದೆ. ಬ್ಯಾಟರಿ 17.3 ಯೂನಿಟ್. ಕಂಪನಿ ಹೇಳುವುದು 230 ಕಿಲೋಮೀಟರ್. ಊರೊಳಗೆ 170–180 ಬರುತ್ತದೆ. ಹಗುರ ಗಾಡಿಯಾದ್ದರಿಂದ ಯೂನಿಟ್‌ಗೆ ಓಟ ಜಾಸ್ತಿ. ಬ್ಯಾಟರಿ ವಾರಂಟಿ 8 ವರ್ಷ ಅಥವಾ 1.2 ಲಕ್ಷ ಕಿಲೋಮೀಟರ್.

ಹೆದ್ದಾರಿಗೆ ಮಾತ್ರ ಇದನ್ನು ನಾನು ಹೇಳುವುದಿಲ್ಲ. ಮೋಟಾರಿನ ಶಕ್ತಿ 42 ಪಿಎಸ್ (ಅಶ್ವಶಕ್ತಿ). ಮೇಲಿನ ವೇಗ ಸುಮಾರು 100. ಬೆಂಗಳೂರು–ಮಂಗಳೂರು (ಬಿ.ಎಂ.) ರಸ್ತೆಯಲ್ಲಿ ಟ್ಯಾಂಕರ್, ಕಂಟೇನರ್ ಸಾಲಿನ ನಡುವೆ, ಮಳೆಗಾಲದ ಗಾಳಿಯಲ್ಲಿ ಇಷ್ಟು ಗಿಡ್ಡ ಗಾಡಿಯನ್ನು ದಿನಾ ಓಡಿಸುವುದು ನೆಮ್ಮದಿಯಲ್ಲ. ಹೆದ್ದಾರಿ ಬದಿಯ ಚಾರ್ಜರ್‌ಗಳಲ್ಲಿ ಬೇಗ ತುಂಬುವ ಡಿಸಿ ಫಾಸ್ಟ್ ಚಾರ್ಜಿಂಗ್ ಇಲ್ಲವೇ ಇಲ್ಲ. 2024ರಲ್ಲಿ ಬಂದ ಎಫ್‌ಸಿ ಮಾದರಿಗಳಲ್ಲಿ ಮನೆಯಲ್ಲೇ ಬೇಗ ತುಂಬುವ 7.4 ಕಿಲೋವ್ಯಾಟ್ ಚಾರ್ಜಿಂಗ್ ಇದೆ. ಉಳಿದವು 7 ಗಂಟೆ ಕೇಳುತ್ತವೆ. ಟೈರ್ 12 ಇಂಚಿನದು. ನಮ್ಮೂರಿನ ಟೈರ್ ಅಂಗಡಿಯಲ್ಲಿ ಆ ಅಳತೆ ತಕ್ಷಣ ಸಿಗುತ್ತದಾ ಎಂದು ಮೊದಲೇ ವಿಚಾರಿಸಿ. ಸ್ಟೆಪ್ನಿ ಇದರಲ್ಲೂ ಇಲ್ಲ. ಸೀಟು ಮಡಚದೆ ಡಿಕ್ಕಿಯೂ ಇಲ್ಲ. ವಯಸ್ಸಾದ ಅಜ್ಜಿಯನ್ನು ಹಿಂದಿನ ಸೀಟಿಗೆ ಹತ್ತಿಸುವುದು ಕಷ್ಟ.

ಕಾಮೆಟ್ ಕೊಳ್ಳುವವರು ಬ್ಯಾಟರಿ ಯಾರದು ಎಂದು ಕೇಳಲೇಬೇಕು. 2024ರ ಸೆಪ್ಟೆಂಬರ್‌ನಿಂದ ಕಾರಿಗೆ 4.99 ಲಕ್ಷ, ಬ್ಯಾಟರಿಗೆ ಕಿಲೋಮೀಟರಿಗೆ 2.5 ರೂಪಾಯಿ ಎಂಬ ಯೋಜನೆಯಲ್ಲೂ ಮಾರಿದ್ದಾರೆ. ಹಾಗೆ ಕೊಂಡ ಗಾಡಿಯಾದರೆ ಬ್ಯಾಟರಿಯ ಬಾಕಿ ಉಳಿದಿರಬಹುದು. ಬೆಲೆ ಕಮ್ಮಿ ಎಂದು ಕಂಡದ್ದು ಅದೇ ಕಾರಣಕ್ಕೆ ಇರಬಹುದು. ಬಾಕಿ ಪೂರ್ತಿ ತೀರಿದೆ ಎಂಬ ಫೈನಾನ್ಸ್ ಕಂಪನಿಯ ಪತ್ರ ಕೈಗೆ ಬರುವವರೆಗೆ ಮುಂದುವರಿಯಬೇಡಿ.

ಊರೊಳಗೇ 40–50 ಓಡುವವರು ಯಾರು? ಮನೆ ಮನೆಗೆ ಹೋಗುವ ಫಿಸಿಯೋಥೆರಪಿಸ್ಟ್, ಔಷಧಿ ಕಂಪನಿಯ ರೆಪ್, ವಿಮೆ ಏಜೆಂಟ್. ಅವರಿಗೆ ಕಾಮೆಟ್ ಸರಿ.

ಸಿಟ್ರೊಯೆನ್ ಇಸಿ3

2023ರ ಫೆಬ್ರವರಿಯಲ್ಲಿ 11.50 ಲಕ್ಷಕ್ಕೆ ಬಿಡುಗಡೆಯಾದ ಗಾಡಿ. ಸೆಕೆಂಡ್ ಹ್ಯಾಂಡ್‌ನಲ್ಲಿ ಬೆಲೆ ತುಂಬಾ ಇಳಿದಿದೆ, ಅದಕ್ಕೇ ಆಸೆ ಹುಟ್ಟಿಸುತ್ತದೆ. ಬ್ಯಾಟರಿ 29.2 ಯೂನಿಟ್, ಮೂರರಲ್ಲಿ ದೊಡ್ಡದು. ಕಂಪನಿಯ ಲೆಕ್ಕ 320, ರಸ್ತೆಯ ಲೆಕ್ಕ 220ರ ಆಸುಪಾಸು. ಡಿಕ್ಕಿ 315 ಲೀಟರ್. ಸಸ್ಪೆನ್ಷನ್ ಬಹಳ ಚೆನ್ನಾಗಿದೆ. ಗುಂಡಿ ಬಿದ್ದ ರಸ್ತೆಯಲ್ಲಿ ಬೆನ್ನಿಗೆ ಹಿತವಾದ ಗಾಡಿ ಇದೇ. ಬ್ಯಾಟರಿಗೆ ಗಾಳಿಯ ಕೂಲಿಂಗ್ ಮಾತ್ರ. ಬಿಸಿಲೂರಿನಲ್ಲಿ ಅದು ದೋಷ, ನಮ್ಮ ಹವೆಯಲ್ಲಿ ಅಷ್ಟಾಗಿ ಕಾಡುವುದಿಲ್ಲ.

ಆದರೂ ಮನಸ್ಸು ಒಪ್ಪುವುದಿಲ್ಲ, ಕಾರಣ ಸುರಕ್ಷತೆ. 2024ರಲ್ಲಿ ಕಾರುಗಳ ಸುರಕ್ಷತೆ ಅಳೆಯುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಇದನ್ನು ಡಿಕ್ಕಿ ಹೊಡೆಸಿ ಪರೀಕ್ಷಿಸಿದಾಗ ದೊಡ್ಡವರ ರಕ್ಷಣೆಗೆ ಸೊನ್ನೆ ಸ್ಟಾರ್ ಬಂತು, ಮಕ್ಕಳ ರಕ್ಷಣೆಗೆ ಒಂದು. ಪೆಟ್ರೋಲ್ ಟಿಯಾಗೊಗೆ 2020ರಲ್ಲಿ ಅದೇ ಸಂಸ್ಥೆಯ ಆಗಿನ ಪರೀಕ್ಷೆಯಲ್ಲಿ ನಾಲ್ಕು ಸ್ಟಾರ್ ಸಿಕ್ಕಿತ್ತು. ಎರಡೂ ಬೇರೆ ಬೇರೆ ಕಾಲದ ನಿಯಮ, ನಿಜ. ಆದರೂ ದಿನಾ ಹೆದ್ದಾರಿಯಲ್ಲಿ ಓಡುವವರು, ಮಕ್ಕಳನ್ನು ಕೂರಿಸಿಕೊಂಡು ಹೋಗುವವರು ಈ ಫಲಿತಾಂಶವನ್ನು ಬದಿಗಿಡುವಂತಿಲ್ಲ. ಸಿಟ್ರೊಯೆನ್ ಸರ್ವಿಸ್ ಟಾಟಾದಷ್ಟು ಹರಡಿಲ್ಲ. ಬ್ಯಾಟರಿ ವಾರಂಟಿ 7 ವರ್ಷ ಅಥವಾ 1.4 ಲಕ್ಷ ಕಿಲೋಮೀಟರ್. ಇಳಿಜಾರಿನಲ್ಲಿ ಮೋಟಾರಿನ ಹಿಡಿತವನ್ನು ಹೆಚ್ಚು ಕಮ್ಮಿ ಮಾಡುವ ಸೌಲಭ್ಯವಿಲ್ಲ. ಟಿಯಾಗೊ, ಕಾಮೆಟ್ ಎರಡರಲ್ಲೂ ಅದಿದೆ. ಚಾರ್ಮಾಡಿ ಇಳಿದು ನೋಡಿದವರಿಗೆ ಅದರ ಬೆಲೆ ಗೊತ್ತು.

ಇಸಿ3ಗಳು ಟ್ಯಾಕ್ಸಿ ಕಂಪನಿಗಳಿಗೂ ಹೋಗಿವೆ. ನಂಬರ್ ಪ್ಲೇಟ್ ನೋಡಿ. ಹಸಿರು ಪ್ಲೇಟಿನ ಮೇಲೆ ಬಿಳಿ ಅಕ್ಷರ ಇದ್ದರೆ ಸ್ವಂತದ್ದು, ಹಳದಿ ಅಕ್ಷರ ಇದ್ದರೆ ಬಾಡಿಗೆಯದು. ಬಾಡಿಗೆ ಗಾಡಿ ದಿನಾ ಫಾಸ್ಟ್ ಚಾರ್ಜ್ ಕಂಡಿರುತ್ತದೆ. ಅದನ್ನು ಸ್ವಂತಕ್ಕೆ ಬದಲಿಸಲು ಆರ್‌ಟಿಒ ಕೆಲಸವೂ ಬೇರೆ.

ಇನ್ನೂ ಅಗ್ಗದವು

ಮಹೀಂದ್ರ ಇ2ಒ ಬಹಳ ಕಡಿಮೆಗೆ ಸಿಗುತ್ತದೆ. ಬೆಂಗಳೂರಿನಲ್ಲೇ ಹುಟ್ಟಿದ ರೇವಾದ ಮುಂದಿನ ತಲೆಮಾರು, 2013ರದು. ನಮ್ಮ ರಾಜ್ಯದ ಗಾಡಿ ಎಂಬ ಅಭಿಮಾನ ನನಗೂ ಇದೆ. ಆದರೆ ತಯಾರಿಕೆ ನಿಂತು ವರ್ಷಗಳಾಗಿವೆ, ಬ್ಯಾಟರಿ ವಾರಂಟಿ ಮುಗಿದಿದೆ. ಬೇಡ. 2019ರ ಮೊದಲ ಟಿಗೊರ್ ಇವಿಯೂ ಬೇಡ. 21.5 ಯೂನಿಟ್ ಬ್ಯಾಟರಿ, ಫಾಸ್ಟ್ ಚಾರ್ಜಿಂಗ್ ಪೋರ್ಟ್ ಹಳೆಯ ಬಗೆಯದು, ಈಗಿನ ಫಾಸ್ಟ್ ಚಾರ್ಜರ್‌ಗಳ ಸಿಸಿಎಸ್2 ಗನ್ ಅದಕ್ಕೆ ಕೂರುವುದಿಲ್ಲ. 2021ರ ನಂತರದ, 26 ಯೂನಿಟ್ ಬ್ಯಾಟರಿಯ ಟಿಗೊರ್ ಇವಿ ಮಾತ್ರ ಒಳ್ಳೆಯ ಗಾಡಿ. ಗ್ಲೋಬಲ್ ಎನ್‌ಕ್ಯಾಪ್‌ನಲ್ಲಿ ನಾಲ್ಕು ಸ್ಟಾರ್ ಪಡೆದದ್ದು. ಟಿಯಾಗೊ ಬೆಲೆಗೇ ಸಿಕ್ಕರೆ ಅದನ್ನೂ ಹೋಗಿ ನೋಡಿ.

ಬ್ಯಾಟರಿಯನ್ನು ನೀವೇ ಅಳೆಯಿರಿ

ಓಡೋಮೀಟರ್ 30,000 ತೋರಿಸುತ್ತಿದೆ, ಬಣ್ಣ ಹೊಳೆಯುತ್ತಿದೆ ಎಂದು ಮರುಳಾಗಬೇಡಿ. ಗಾಡಿಯ ಬೆಲೆಯ ದೊಡ್ಡ ಪಾಲು ಬ್ಯಾಟರಿಯಲ್ಲಿದೆ. ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಬ್ಯಾಟರಿ ಆರೋಗ್ಯದ ವರದಿ ಕೇಳಿ. ಅದರ ಜೊತೆ ಮನೆಯಲ್ಲೇ ಮಾಡುವ ಒಂದು ಪರೀಕ್ಷೆ ಇದೆ. ನನಗೆ ಅದರ ಮೇಲೆ ಹೆಚ್ಚು ನಂಬಿಕೆ.

ಮೊದಲು ಗಾಡಿಯನ್ನು ಒಮ್ಮೆ ಪೂರ್ತಿ ತುಂಬಿಸಿ. ಆಮೇಲೆ ಶೇಕಡಾ 20ಕ್ಕೆ ಇಳಿಯುವವರೆಗೆ ಓಡಿಸಿ. ಎಷ್ಟು ಕಿಲೋಮೀಟರ್ ಬಂತು ಎಂದು ಬರೆದುಕೊಳ್ಳಿ. ಈಗ ಮತ್ತೆ ಚಾರ್ಜಿಗೆ ಹಾಕಿ, ಮೀಟರ್ ಎಷ್ಟು ಯೂನಿಟ್ ತಿರುಗಿತು ನೋಡಿ. ಪ್ಲಗ್ಗಿಗೆ ಹಾಕುವ ಸಣ್ಣ ಯೂನಿಟ್ ಮೀಟರ್ ಸಿಗುತ್ತದೆ. ಇಲ್ಲದಿದ್ದರೆ ಮನೆಯ ಉಳಿದ ಸ್ವಿಚ್‌ಗಳನ್ನು ಆರಿಸಿ ಮೀಟರ್ ಓದಬಹುದು. 24 ಯೂನಿಟ್ ಬ್ಯಾಟರಿಯ ಶೇಕಡಾ 80 ಎಂದರೆ 19 ಯೂನಿಟ್ ಚಿಲ್ಲರೆ. ಚಾರ್ಜಿಂಗ್‌ನಲ್ಲಿ ಪೋಲಾಗುವುದು ಸೇರಿ ಗೋಡೆಯಿಂದ 21–22 ಯೂನಿಟ್ ಎಳೆಯಬೇಕು. 20 ಬಂದರೂ ಪರವಾಗಿಲ್ಲ. 17ಕ್ಕೇ ತುಂಬಿಬಿಟ್ಟರೆ ಬ್ಯಾಟರಿ ಕುಗ್ಗಿದೆ. ಆ ಗಾಡಿಯನ್ನು ಬಿಟ್ಟುಬಿಡಿ, ಇಲ್ಲವೇ ವಾರಂಟಿಯಲ್ಲಿ ಸರಿ ಮಾಡಿಸಿಕೊಟ್ಟ ಮೇಲೆ ಬರುತ್ತೇನೆ ಎನ್ನಿ.

ಇದಕ್ಕೆ ಒಂದು ದಿನ, ಒಂದು ರಾತ್ರಿ ಬೇಕು. ಮಾರುವವರು ಮುಖ ಸಿಂಡರಿಸಬಹುದು. ಲಕ್ಷಾಂತರ ಕೊಡುವವರು ನೀವು, ಅಲ್ವಾ? ಒಳ್ಳೆಯ ಗಾಡಿ ಇಟ್ಟುಕೊಂಡವರು ಬೇಡ ಎನ್ನುವುದಿಲ್ಲ.

ಓಡಿಸುವಾಗ ಶೇಕಡಾ ಅಂಕಿಯ ಮೇಲೆ ಕಣ್ಣಿಡಿ. ಅದು ಒಂದೊಂದಾಗಿ ಇಳಿಯಬೇಕು. 38ರಿಂದ ಒಮ್ಮೆಗೇ 29ಕ್ಕೆ ಜಿಗಿದರೆ ಒಳಗೆ ಯಾವುದೋ ಸೆಲ್ ಸೊರಗಿರಬಹುದು. ಕಾಮೆಟ್ ಬಿಟ್ಟು ಉಳಿದ ಗಾಡಿಯಾದರೆ ಒಮ್ಮೆ ಫಾಸ್ಟ್ ಚಾರ್ಜರಿಗೂ ಹಾಕಿ ನೋಡಿ. ಮನೆಯಲ್ಲಿ ಸರಿಯಾಗಿ ಚಾರ್ಜ್ ಆಗಿ ಅಲ್ಲಿ ಆಗದ ಗಾಡಿಗಳೂ ಇವೆ.

ಗಾಡಿಯನ್ನು ಎತ್ತಿಸಿ ಅಡಿಭಾಗ ನೋಡುವುದನ್ನು ಮರೆಯಬೇಡಿ. ಬ್ಯಾಟರಿಯ ತಟ್ಟೆಗೆ ಕಲ್ಲು ಬಡಿದು ಒಳಕ್ಕೆ ತಗ್ಗಿದ್ದರೆ ವಾರಂಟಿಯಲ್ಲಿ ತಕರಾರು ಬರುತ್ತದೆ. ಹೊರಗಿನ ಏಟಿಗೆ ಕಂಪನಿ ಹೊಣೆಯಲ್ಲ. ಬಾನೆಟ್ ಎತ್ತಿ ಕಿತ್ತಳೆ ಬಣ್ಣದ ದಪ್ಪ ವೈರುಗಳನ್ನು ಬರೀ ಕಣ್ಣಿನಲ್ಲಿ ನೋಡಿ, ಮುಟ್ಟಬೇಡಿ. ಇಲಿ ಕಡಿದ ಗುರುತು, ಟೇಪ್ ಸುತ್ತಿದ ಗುರುತು ಇದ್ದರೆ ಬೇಡ. ನೀವು ಕೊಂಡ ಮೇಲೂ ಇಲಿಯ ಕಾಟ ತಪ್ಪಿದ್ದಲ್ಲ. ಕಾಫಿ ಕಣ, ಭತ್ತದ ಚೀಲದ ಪಕ್ಕ ಗಾಡಿ ನಿಲ್ಲಿಸಬೇಡಿ. ಸೀಟಿನ ಕೆಳಗಿನ ಕಾರ್ಪೆಟ್ ಎತ್ತಿ ಕೆಸರಿನ ಗೆರೆ ಇದೆಯಾ ನೋಡಿ. ಬೆಂಗಳೂರಿನ ಬೇಸ್‌ಮೆಂಟಿನಲ್ಲಿ ನೀರಲ್ಲಿ ನಿಂತ ಗಾಡಿ ಹೀಗೆ ಸಿಕ್ಕಿಬೀಳುತ್ತದೆ.

ಒಳಗೆ ಮಾಮೂಲಿ 12 ವೋಲ್ಟ್ ಬ್ಯಾಟರಿಯೂ ಒಂದಿದೆ. ಅದು ಸತ್ತರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಗಾಡಿ ಏಳುವುದಿಲ್ಲ. ಮೂರು ವರ್ಷ ದಾಟಿದ್ದರೆ ಹೊಸದು ಹಾಕಿಸುವ ಖರ್ಚನ್ನು ಬೆಲೆಯಲ್ಲೇ ಕಳೆಯಿರಿ.

ಬೆಲೆ, ಕಾಗದ

ಮಾರುವವರು ತಾವು ಕೊಟ್ಟ ಬೆಲೆಯಿಂದ ಲೆಕ್ಕ ಶುರು ಮಾಡುತ್ತಾರೆ. ನೀವು ಇವತ್ತಿನ ಹೊಸ ಗಾಡಿಯ ಬೆಲೆಯಿಂದ ಶುರು ಮಾಡಿ. ಕಾಮೆಟ್ 2023ರಲ್ಲಿ 7.98 ಲಕ್ಷದಿಂದ ಆರಂಭವಾಗಿತ್ತು. 2024ರಲ್ಲಿ ಕಂಪನಿಯೇ ಅದನ್ನು 6.99ಕ್ಕೆ ಇಳಿಸಿತು. ಮೊದಲು ಕೊಂಡವರು ಕಳಕೊಂಡ ಆ ಒಂದು ಲಕ್ಷವನ್ನು ನೀವು ತುಂಬಿಕೊಡಬೇಕಾಗಿಲ್ಲ. ಡೀಲರ್ ಹತ್ತಿರ ಕೊಂಡರೆ ಇನ್ನೊಂದು ಸಂಗತಿ. 2025ರಿಂದ ಹಳೆಯ ಎಲೆಕ್ಟ್ರಿಕ್ ಕಾರಿನ ಮೇಲೆ ಡೀಲರ್ ಪಡೆಯುವ ಲಾಭಕ್ಕೆ ಶೇಕಡಾ 18 ಜಿಎಸ್‌ಟಿ ಇದೆ. ಪೂರ್ತಿ ಬೆಲೆಗಲ್ಲ, ಲಾಭಕ್ಕೆ ಮಾತ್ರ. ಒಬ್ಬರಿಂದ ಒಬ್ಬರು ನೇರವಾಗಿ ಕೊಂಡರೆ ಅದೂ ಇಲ್ಲ.

ಸಾಲದಲ್ಲಿ ಕೊಂಡ ಗಾಡಿಯಾದರೆ ಬ್ಯಾಂಕಿನ ನಿರಾಕ್ಷೇಪಣಾ ಪತ್ರ ಮತ್ತು ಫಾರಂ 35 ಬೇಕು. ಹೆಸರು ಬದಲಾವಣೆಗೆ ಫಾರಂ 29 ಮತ್ತು 30. ಬೆಂಗಳೂರಿನ ಗಾಡಿಯಾದರೆ ಬಾಕಿ ಟ್ರಾಫಿಕ್ ದಂಡ ಎಷ್ಟಿದೆ ಎಂದು ಮೊದಲೇ ನೋಡಿ. ಸರ್ವಿಸ್ ದಾಖಲೆ ಪೂರ್ತಿ ಇರಲಿ. ಸರ್ವಿಸ್ ತಪ್ಪಿಸಿದ್ದರೆ ಬ್ಯಾಟರಿ ವಾರಂಟಿ ಕೇಳುವಾಗ ಕಷ್ಟ. ನಿಮ್ಮ ಹೆಸರಿಗೆ ವಾರಂಟಿ ಮುಂದುವರಿಯುತ್ತದೆ ಎಂಬುದನ್ನು ಕಂಪನಿಯಿಂದ ಬರಹದಲ್ಲಿ ತೆಗೆದುಕೊಳ್ಳಿ.

ಗಾಡಿಯ ಜೊತೆ ಬಂದ ಚಾರ್ಜರ್ ಕೇಬಲ್ಲು, ಎರಡೂ ಕೀ ಕೈಗೆ ಬರಬೇಕು. ಹೊಸ ಚಾರ್ಜರ್ ಕೊಳ್ಳಲು ಸಾವಿರಗಟ್ಟಲೆ ಹೋಗುತ್ತದೆ. ಹಳೆಯ ಮಾಲೀಕರ ಫೋನಿನಲ್ಲಿರುವ ಕಂಪನಿಯ ಆ್ಯಪ್‌ನಿಂದ ಗಾಡಿಯನ್ನು ನಿಮ್ಮೆದುರೇ ತೆಗೆಸಿ. ಗಾಡಿ ಎಲ್ಲಿದೆ ಎಂದು ಅದರಲ್ಲಿ ಕಾಣುತ್ತದೆ, ಕೆಲವು ಮಾದರಿಗಳಲ್ಲಿ ಬಾಗಿಲೂ ತೆರೆಯುತ್ತದೆ. ಇಷ್ಟೂ ಮುಗಿದು, ಬ್ಯಾಟರಿ ವರದಿ ಕೈಗೆ ಬಂದ ಮೇಲೆಯೇ ಅಡ್ವಾನ್ಸ್ ಕೊಡಿ.